ಟೋಯಿಂಗ್ ವಾಹನಗಳ ತೂಕದ ಮಿತಿ

ಕೆಟ್ಟು ನಿಂತ ಅಥವಾ ಅಪಘಾತಕ್ಕೀಡಾದ ವಾಹನಗಳನ್ನು ಸಾಗಿಸುವ ಟೋಯಿಂಗ್ ವಾಹನಗಳು ಹೊರಬಹುದಾದ ಗರಿಷ್ಠ ಭಾರವನ್ನು ಭಾರತದಲ್ಲಿ ಮೋಟಾರು ವಾಹನಗಳ ಕಾಯ್ದೆ, 1988 ನಿಯಂತ್ರಿಸುತ್ತದೆ. ವಾರ್ಷಿಕ ಶುಲ್ಕ ಪಾವತಿಸಿ ವರ್ಷವಿಡೀ ಈ ಮಿತಿಯನ್ನು ಮೀರಲು ಕಾಯ್ದೆಯಲ್ಲಿ ಅವಕಾಶವಿಲ್ಲ.

ರಹದಾರಿ ಮತ್ತು ತೂಕ

ಕೆಟ್ಟ ವಾಹನವನ್ನು ಎಳೆಯಲು ಅಥವಾ ಅದರ ಸರಕನ್ನು ಸುರಕ್ಷಿತ ಸ್ಥಳಕ್ಕೆ ಒಯ್ಯಲು ಬಳಸುವ ಸಾರಿಗೆ ವಾಹನಕ್ಕೆ ಕಾಯ್ದೆಯ 66(3)ನೇ ಕಲಮಿನಂತೆ ರಹದಾರಿ (ಪರ್ಮಿಟ್) ಅಗತ್ಯವಿಲ್ಲ. ಈ ವಿನಾಯಿತಿಯು ತೂಕಕ್ಕೆ ಅನ್ವಯಿಸುವುದಿಲ್ಲ. 113ನೇ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿ ನಮೂದಾಗಿರುವ ಒಟ್ಟು ತೂಕವನ್ನು ಮೀರುವಂತಿಲ್ಲ. ಹಾವೇರಿ ಜಿಲ್ಲೆಯ ಬಂಕಾಪುರ, ಶಿಗ್ಗಾಂವಿಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 48ಕ್ಕೂ ಸವಣೂರು ತಾಲ್ಲೂಕಿನ ಯಲವಿಗಿಯಂತಹ ಗ್ರಾಮಗಳ ಒಳರಸ್ತೆಗಳಿಗೂ ಈ ನಿಯಮ ಒಂದೇ ಆಗಿದೆ.

ಭಾರದ ಹಂಚಿಕೆ

ಕೆಟ್ಟ ಲಾರಿಯ ಮುಂಭಾಗವನ್ನು ಎತ್ತಿ ಎಳೆಯುವಾಗ ಅದರ ಭಾರದ ಒಂದು ಪಾಲು ಟೋಯಿಂಗ್ ವಾಹನದ ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ. ಭಾರವು ಆಕ್ಸಲ್‌ನಿಂದಲೂ ಹಿಂದಕ್ಕೆ ತೂಗುವುದರಿಂದ ಮುಂದಿನ ಚಕ್ರಗಳು ಹಗುರಾಗಿ, ಸ್ಟಿಯರಿಂಗ್ ಹಿಡಿತ ಕಡಿಮೆಯಾಗುತ್ತದೆ. ಹೀಗಾಗಿ ಒಟ್ಟು ತೂಕ ಮಿತಿಯೊಳಗಿದ್ದರೂ ಆಕ್ಸಲ್ ಭಾರ ಮಿತಿ ಮೀರಬಹುದು. ಆಕ್ಸಲ್ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಹಾನಿ ಸುಮಾರು 16 ಪಟ್ಟಾಗುತ್ತದೆ ಎಂಬುದು ರಸ್ತೆ ಎಂಜಿನಿಯರಿಂಗ್‌ನ ಸಾಮಾನ್ಯ ಅಂದಾಜು. 2018ರಲ್ಲಿ ಕೇಂದ್ರ ಸರ್ಕಾರವು ನಾಲ್ಕು ಟೈರ್‌ಗಳ ಒಂಟಿ ಆಕ್ಸಲ್‌ನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಹೆಚ್ಚಿಸಿತು.

ತಪಾಸಣೆ ಮತ್ತು ದಂಡ

114ನೇ ಕಲಮಿನಡಿ ಅಧಿಕೃತ ಅಧಿಕಾರಿಯು ವಾಹನವನ್ನು ತೂಕ ಮಾಡಿಸಬಹುದು. 2019ರ ತಿದ್ದುಪಡಿಯ ನಂತರ 194ನೇ ಕಲಂ ಹೆಚ್ಚುವರಿ ಭಾರಕ್ಕೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂಪಾಯಿ ದಂಡವನ್ನು ವಿಧಿಸುತ್ತದೆ. ಹೆಚ್ಚುವರಿ ಭಾರವನ್ನು ಇಳಿಸುವವರೆಗೆ ವಾಹನ ಮುಂದೆ ಸಾಗುವಂತಿಲ್ಲ. ತೂಕಕ್ಕೆ ಒಪ್ಪದಿದ್ದರೆ ದಂಡ 40,000 ರೂಪಾಯಿ.

ನ್ಯಾಯಾಲಯದ ತೀರ್ಪು

ದಂಡದ ಹಣ ಕಟ್ಟಿದ ವಾಹನವು ಹೆಚ್ಚುವರಿ ಭಾರದೊಂದಿಗೆ ಪ್ರಯಾಣ ಮುಂದುವರಿಸಲು ಕೆಲವು ರಾಜ್ಯಗಳು ಅವಕಾಶ ನೀಡಿದ್ದವು. ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2005ರ ನವೆಂಬರ್ 9ರಂದು ಇದು ಕಾನೂನುಬಾಹಿರವೆಂದು ತೀರ್ಪಿತ್ತಿತು. ಇದರಿಂದ ದಂಡ ಪಾವತಿಯು ಅನುಮತಿಗೆ ಸಮಾನವಲ್ಲವೆಂಬುದು ಸ್ಪಷ್ಟವಾಯಿತು.

ಇತರ ದೇಶಗಳಲ್ಲಿ

ಅಮೆರಿಕದ ಹಲವು ರಾಜ್ಯಗಳು ಟೋಯಿಂಗ್ ವಾಹನಗಳಿಗೆ ವಾರ್ಷಿಕ ಅಧಿಕ ತೂಕದ ಪರವಾನಗಿ ನೀಡುತ್ತವೆ. ಅಲ್ಲಿನ 2015ರ ಒಕ್ಕೂಟ ಕಾನೂನು, ಕೆಟ್ಟ ವಾಹನವನ್ನು ಸಮೀಪದ ಸೂಕ್ತ ದುರಸ್ತಿ ಕೇಂದ್ರಕ್ಕೆ ಒಯ್ಯುವ ಭಾರಿ ಟೋಯಿಂಗ್ ವಾಹನಗಳಿಗೆ ಅಂತರರಾಜ್ಯ ಹೆದ್ದಾರಿಗಳ ತೂಕ ಮಿತಿಯಿಂದ ವಿನಾಯಿತಿ ಕೊಟ್ಟಿದೆ.