ಗಾಳ ಹಿಡಿದ ಚಕ್ರವರ್ತಿ, ಹೆಸರಿಲ್ಲದ ಮೀನು

ಧಾರವಾಡ ಜಿಲ್ಲೆಯ ಶಲವಡಿ, ಅಣ್ಣಿಗೇರಿ, ನವಲಗುಂದಗಳ ಸುತ್ತಲಿನದು ಎರೆ ನೆಲ. ಮಳೆ ಹೆಚ್ಚಾದರೆ ಬೆಣ್ಣಿಹಳ್ಳ ಉಕ್ಕಿ ಹೊಲ ನುಂಗುತ್ತದೆ. ಮಳೆ ಬಾರದಿದ್ದರೆ ಕುಡಿಯುವ ನೀರಿಗೂ ಕೆರೆಯ ಮುಖ ನೋಡಬೇಕು. ಇಂಥ ಸೀಮೆಯಿಂದ ಮೀನಿನ ಗಾಳದ ಮಾತೆತ್ತುವುದು ವಿಚಿತ್ರವೆನಿಸಬಹುದು. ಆದರೆ ಹೊಟ್ಟೆಪಾಡಿಗಲ್ಲದೆ ಸಂತೋಷಕ್ಕಾಗಿ ಗಾಳ ಹಾಕುವುದನ್ನು ಶಾಸ್ತ್ರವಾಗಿ ಬರೆದಿಟ್ಟ ಹಳೆಯ ಗ್ರಂಥಗಳಲ್ಲೊಂದು ಹುಟ್ಟಿದ್ದು ಈ ನೆಲವನ್ನಾಳಿದ ಅರಸನ ಕೈಯಲ್ಲೇ.

ಆತ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ. ಆರನೆಯ ವಿಕ್ರಮಾದಿತ್ಯನ ಮಗ; ಭೂಲೋಕಮಲ್ಲ, ಸರ್ವಜ್ಞ ಎಂಬ ಬಿರುದುಗಳವನು. 1129ರ ಸುಮಾರಿಗೆ ಆತ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ಕ್ಕೆ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಹೆಸರೂ ಉಂಟು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳು. ಒಟ್ಟು ನೂರು ಅಧ್ಯಾಯ. ರಾಜ್ಯಭಾರ, ಅಡುಗೆ, ವೈದ್ಯ, ಸಂಗೀತ ಎಲ್ಲವೂ ಇವುಗಳಲ್ಲಿ ಅಡಗಿವೆ. ನಾಲ್ಕನೆಯ ಭಾಗ ಅರಸನ ವಿನೋದಗಳಿಗೆ ಮೀಸಲು. ಗಜ, ಅಶ್ವ, ಮಲ್ಲ, ಕುಕ್ಕುಟಗಳ ಸಾಲಿನಲ್ಲಿ, ಡೇಗೆ ಹಕ್ಕಿಯ ಬೇಟೆಗೂ ಜಿಂಕೆಯ ಬೇಟೆಗೂ ನಡುವೆ, 'ಮತ್ಸ್ಯವಿನೋದ' ಬರುತ್ತದೆ.

ಈ ಅಧ್ಯಾಯ ಬರೆದವನು ಮೀನನ್ನು ಹತ್ತಿರದಿಂದ ಬಲ್ಲವನೆಂಬುದು ಓದಿದೊಡನೆ ತಿಳಿಯುತ್ತದೆ. ಸುಮಾರು 35 ಬಗೆಯ ಮೀನುಗಳನ್ನು ಆತ ಹೆಸರಿಸುತ್ತಾನೆ. ಕಡಲಿನವು ಯಾವುವು, ಹೊಳೆಯವು ಯಾವುವು; ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು; ದೊಡ್ಡವು, ಚಿಕ್ಕವು ಎಂದು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ತಿನಿಸು ಇಷ್ಟ, ಏನು ಹಾಕಿದರೆ ಅದು ಕೊಬ್ಬುತ್ತದೆ ಎಂದು ಹೇಳುತ್ತಾನೆ. ಎಳ್ಳು, ಕಡಲೆ ಹಿಟ್ಟು, ಅನ್ನದ ಉಂಡೆಗಳು ಅಲ್ಲಿ ಬರುತ್ತವೆ. ಆಮೇಲೆ ಕೋಲು, ದಾರ, ಗಾಳಗಳ ಮಾತು. ಮೀನನ್ನು ಮೊದಲು ಸಾಕಿ, ಅದರ ಸ್ವಭಾವ ಅರಿತು, ನಂತರ ಹಿಡಿಯುವುದು ಈ ವಿನೋದದ ಕ್ರಮ.

ಇಂಗ್ಲಿಷಿನಲ್ಲಿ ಗಾಳದ ಬಗೆಗಿನ ಮೊದಲ ಮುದ್ರಿತ ಕೃತಿ ಬಂದದ್ದು 1496ರಲ್ಲಿ. ಐಸಾಕ್ ವಾಲ್ಟನ್ನನ ಪ್ರಸಿದ್ಧ ಪುಸ್ತಕ 1653ರಲ್ಲಿ. ನಮ್ಮ ಅರಸ ಮೊದಲನೆಯದಕ್ಕಿಂತ ಮೂರೂವರೆ ಶತಮಾನಕ್ಕೂ ಹಿಂದಿನವನು. ಹಾಗೆಂದು ಎಲ್ಲವೂ ನಮ್ಮಲ್ಲೇ ಮೊದಲು ಎಂದು ಬೀಗಬೇಕಿಲ್ಲ. ಗಾಳಕ್ಕೆ ಬಣ್ಣದ ನೂಲು, ಗರಿ ಸುತ್ತಿ ನೊಣದಂತೆ ಕಾಣಿಸುವ 'ಫ್ಲೈ ಫಿಶಿಂಗ್' ಅನ್ನು ರೋಮನ್ ಕಾಲದ ಈಲಿಯನ್, ಮ್ಯಾಸಿಡೋನಿಯಾದ ನದಿಯೊಂದರ ಬಗ್ಗೆ ಬರೆಯುತ್ತ, ಅದಕ್ಕೂ ಎಷ್ಟೋ ಮುಂಚೆ ವರ್ಣಿಸಿದ್ದಾನೆ. ಆ ಆಟದ ಸ್ವಾರಸ್ಯವೇ ಬೇರೆ. ಹುಸಿ ನೊಣಕ್ಕೆ ತೂಕವಿಲ್ಲ. ಅದನ್ನು ದೂರ ಒಯ್ಯುವುದು ದಾರದ ತೂಕ. ನೀರಿನ ಮೇಲೆ ಅದು ನಿಜವಾದ ಹುಳುವಿನಂತೆ ಇಳಿಯಬೇಕು. ಚಾಲುಕ್ಯ ಅರಸನದು ನೊಣವಲ್ಲ, ಹಿಟ್ಟಿನ ಉಂಡೆ.

ಕೋಲು ಹಿಡಿದ ಆಂಗ್ಲರು ಕನ್ನಡ ನಾಡಿಗೆ ಬಂದಾಗ ಎರಡು ದಾರಿಗಳೂ ಸೇರಿದವು. ಮದ್ರಾಸ್ ಸಿವಿಲ್ ಸರ್ವಿಸಿನ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಅವರೆಲ್ಲರ ಕಣ್ಣು ಬಿದ್ದದ್ದು ಮಹಶೀರ್ ಮೀನಿನ ಮೇಲೆ. ಕಾವೇರಿ ತೀರದವರ ಬಿಳಿಮೀನು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೊ ತೂಗಿತು. 1970ರ ದಶಕದ ಕೊನೆಗೆ ವಿದೇಶಿ ಹವ್ಯಾಸಿಗಳು ಮತ್ತೆ ಕಾವೇರಿಗೆ ಬಂದರು. ಅವರ ಗಾಳಕ್ಕೆ ಸ್ಥಳೀಯರು ಸಿಕ್ಕಿಸಿಕೊಟ್ಟದ್ದು ರಾಗಿ ಹಿಟ್ಟಿನ ಉಂಡೆ! ಎಂಟು ಶತಮಾನಗಳಾದರೂ ಮೀನಿನ ನಾಲಿಗೆ ಹೆಚ್ಚೇನೂ ಬದಲಾಗಿರಲಿಲ್ಲ.

ಆದರೆ ಮೀನು ಬದಲಾಗತೊಡಗಿತ್ತು. ಭೀಮೇಶ್ವರಿ, ಗಾಲಿಬೋರೆ ಶಿಬಿರಗಳಲ್ಲಿ ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ನೀರಿಗೆ ಬಿಡುವ ಪದ್ಧತಿ ಬೆಳೆಯಿತು. ಅಭಯಾರಣ್ಯದಲ್ಲಿ ಗಾಳ ಹಾಕುವುದೂ ಬೇಟೆಯೇ ಎಂಬ ಕಾನೂನಿನ ನಿಲುವಿನಿಂದ ಈ ಆಟ ಮುಂದೆ ನಿಂತಿತು. ಉಳಿದದ್ದು ಲೆಕ್ಕದ ಪುಸ್ತಕ. ಗಾಲಿಬೋರೆಯ 1998ರಿಂದ 2012ರವರೆಗಿನ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ಕಂಡದ್ದು ಕಳವಳದ ಸಂಗತಿ. ಹೊರಗಿನ ಮರಿಕೇಂದ್ರದಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿತ್ತು. ಬೆನ್ನ ಮೇಲೆ ಡುಬ್ಬವಿರುವ, ಕಾವೇರಿಯದೇ ಆದ ದೈತ್ಯ ಮಹಶೀರ್ ಕಾಣೆಯಾಗುತ್ತಿತ್ತು. ಮೀನನ್ನು ಉಳಿಸಲೆಂದೇ ಬಿಟ್ಟ ಮರಿಗಳು ಅಲ್ಲಿಯದೇ ಮೀನಿನ ಜಾಗ ಹಿಡಿದಿದ್ದವು.

ಇನ್ನೂ ಸೋಜಿಗವೆಂದರೆ, ಒಂದೂವರೆ ಶತಮಾನ ಕಾಲ ಬೇಟೆಯ ಹೆಮ್ಮೆಯಾಗಿದ್ದ ಈ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರೇ ಇರಲಿಲ್ಲ. ಕಾವೇರಿಯ ಉಪನದಿ ಪಾಂಬಾರಿನಿಂದ 2007ರಲ್ಲಿ ವರ್ಣಿಸಲಾಗಿದ್ದ 'ಟಾರ್ ರೆಮಾದೇವಿ' ಎಂಬುದು ಇದೇ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿ ಸೇರಿತು. ಹೆಸರಿಲ್ಲದ ಜೀವಿಯನ್ನು ಯಾವ ಪಟ್ಟಿಗೂ ಸೇರಿಸಲಾಗದು; ಪಟ್ಟಿಯಲ್ಲಿಲ್ಲದ್ದಕ್ಕೆ ರಕ್ಷಣೆ ಕೇಳುವುದೂ ಕಷ್ಟ.

ಸೋಮೇಶ್ವರನೂ ಮೀನನ್ನು ಕೊಂದವನೇ, ತಿಂದವನೇ. ಆತನನ್ನು ಪರಿಸರವಾದಿ ಎನ್ನಲಾಗದು. ಆದರೆ ಗಾಳ ಇಳಿಬಿಡುವ ಮುನ್ನ ಆತ ಕೇಳಿದ ಪ್ರಶ್ನೆಗಳು ಸರಿಯಾಗಿದ್ದವು: ಈ ಮೀನಿನ ಹೆಸರೇನು, ಇದು ಎಲ್ಲಿಯದು, ಏನು ತಿನ್ನುತ್ತದೆ? ಕೆರೆಗಳಿಗೆ ಸಾಕಣೆಯ ಮರಿಗಳನ್ನು ತಂದು ಸುರಿಯುವ ಮುನ್ನ ನಾವೂ ಅವನ್ನೇ ಕೇಳಿಕೊಳ್ಳಬಹುದು. ಅಲ್ಲಿ ಮೊದಲೇ ಇದ್ದದ್ದು ಯಾವ ಮೀನು ಎಂಬುದನ್ನು ಊರಿನ ಹಿರಿಯರು ಇನ್ನೂ ಹೇಳಬಲ್ಲರು. ಅದನ್ನು ಈಗಲೇ ಬರೆದಿಟ್ಟುಕೊಳ್ಳಬೇಕು.