ಕೋಚ್ ಬಾಯಿ ಬಿಟ್ರೆ ಫ್ರೀ ಥ್ರೋ! 🏀

ಮ್ಯಾಚ್ ನಡೀವಾಗ ಕೋಚ್ ಸೈಡ್‌ಲೈನ್‌ನಲ್ಲಿ ನಿಂತು ಕಿರುಚೋದು ನಮಗೆಲ್ಲ ಮಾಮೂಲು. ಆದರೆ ಒಂದು ಕಾಲದಲ್ಲಿ ಅದೇ ತಪ್ಪಾಗಿತ್ತು ಅಂದ್ರೆ ನಂಬ್ತೀರಾ?

1️⃣ 1891ರ ಡಿಸೆಂಬರ್, ಅಮೆರಿಕದ ಸ್ಪ್ರಿಂಗ್‌ಫೀಲ್ಡ್. ಜೇಮ್ಸ್ ನೈಸ್ಮಿತ್ 13 ನಿಯಮ ಬರೆದು ಬ್ಯಾಸ್ಕೆಟ್‌ಬಾಲ್ ಶುರು ಮಾಡಿದರು. ಫೌಲ್ ನೋಡೋಕೆ ಅಂಪೈರ್, ಚೆಂಡು ಮತ್ತು ಸಮಯ ನೋಡೋಕೆ ರೆಫರಿ. ಕೋಚ್ ಅನ್ನೋ ಪದವೇ ಅದರಲ್ಲಿಲ್ಲ!

2️⃣ ಆಮೇಲೆ ಕೋಚ್‌ಗಳು ಬಂದರು, ಜೊತೆಗೆ ಗಲಾಟೆಯೂ ಬಂತು. 1910ರ ಹೊತ್ತಿಗೆ ಅಮೆರಿಕದ ಕಾಲೇಜು ಆಟದಲ್ಲಿ ಹೊಸ ನಿಯಮ: ಆಟ ನಡೆಯುವಾಗ ತಂಡದ ಕಡೆಯವರು ಯಾರೂ ಹೊರಗಿನಿಂದ ಹೇಳಿಕೊಡುವಂತಿಲ್ಲ. ಮೊದಲ ಸಲ ಎಚ್ಚರಿಕೆ, ಮುಂದಿನ ಸಲ ಎದುರಾಳಿಗೆ ಫ್ರೀ ಥ್ರೋ.

3️⃣ ಟೈಮ್‌ಔಟ್‌ನಲ್ಲಾದರೂ ಮಾತಾಡಬಹುದಿತ್ತಾ? ಅದೂ ಇಲ್ಲ. ಆ ಅನುಮತಿ ಸಿಕ್ಕಿದ್ದು 1948–49ರ ಸೀಸನ್‌ನಲ್ಲಿ. ಅಲ್ಲಿಂದ ಕೋಚ್ ದನಿ ಏರುತ್ತಲೇ ಹೋಯ್ತು.

4️⃣ 1985ರ ಫೆಬ್ರವರಿ 23. ಇಂಡಿಯಾನಾ ಮತ್ತು ಪರ್ಡ್ಯೂ ಮ್ಯಾಚ್. ಇಂಡಿಯಾನಾದ ಕೋಚ್ ಬಾಬ್ ನೈಟ್ ಸಾಮಾನ್ಯರಲ್ಲ, ಆರು ತಿಂಗಳ ಹಿಂದಷ್ಟೇ ಅಮೆರಿಕಕ್ಕೆ ಒಲಿಂಪಿಕ್ ಚಿನ್ನ ಗೆದ್ದುಕೊಟ್ಟವರು. ಫೌಲ್ ಕೊಟ್ಟಿದ್ದಕ್ಕೆ ಕೂಗಾಡಿದರು. ರೆಫರಿ ಟೆಕ್ನಿಕಲ್ ಫೌಲ್ ಕೊಟ್ಟರು. ಸಿಟ್ಟಲ್ಲಿ ನೈಟ್ ಕುರ್ಚಿ ಎತ್ತಿ ಅಂಕಣಕ್ಕೇ ಎಸೆದರು! ಅವರದೇ ಊರು, ಅವರದೇ ಅಭಿಮಾನಿಗಳು. ಆದರೂ ರೆಫರಿಗಳು ಹೆದರಲಿಲ್ಲ. ಮತ್ತೆ ಟೆಕ್ನಿಕಲ್, ಕೊನೆಗೆ ಹೊರಗೆ. ಪರ್ಡ್ಯೂ 72–63ರಲ್ಲಿ ಗೆದ್ದಿತು. ನೈಟ್‌ಗೆ ಮುಂದೆ ಒಂದು ಪಂದ್ಯದ ನಿಷೇಧ.

5️⃣ ಇವತ್ತಿನ ಫಿಬಾ ನಿಯಮ ನಡುದಾರಿ ಹಿಡಿದಿದೆ. ಮುಖ್ಯ ಕೋಚ್ ಅಥವಾ ಮೊದಲ ಸಹಾಯಕ, ಇಬ್ಬರಲ್ಲಿ ಒಬ್ಬರೇ ನಿಂತಿರಬಹುದು. ಚೆಂಡು ಡೆಡ್ ಆಗಿ ಗಡಿಯಾರ ನಿಂತಾಗ ಮರ್ಯಾದೆಯಿಂದ ರೆಫರಿಯನ್ನ ಮಾತಾಡಿಸಬಹುದು. ತನ್ನ ದುರ್ವರ್ತನೆಗೇ ಎರಡು ಟೆಕ್ನಿಕಲ್ ಬಿದ್ದರೆ ಕೋಚ್ ಅನರ್ಹ.

ನನಗನ್ನಿಸೋದು ಇಷ್ಟೇ. ಕೋಚ್ ಕೂಗೋದು ಬಹಳ ಸಲ ಆಗಿಹೋದ ಫೌಲ್‌ಗಲ್ಲ, ಮುಂದಿನ ಸೀಟಿಗೆ. ರೆಫರಿ ಒಮ್ಮೆ ಬಗ್ಗಿದರೆ ಅದರ ಬೆಲೆ ತೆರೋದು ಸುಮ್ಮನೆ ಆಡ್ತಿರೋ ಎದುರು ತಂಡ. ಹಾಗಂತ ಕೋಚ್ ಬಾಯಿ ಪೂರ್ತಿ ಮುಚ್ಚಿಸೋದೂ ನ್ಯಾಯ ಅಲ್ಲ. ಪ್ರಶ್ನೆ ಕೇಳಿದರೆ ಉತ್ತರ, ಕೂಗಿದರೆ ಎಚ್ಚರಿಕೆ, ಮುಂದುವರಿದರೆ ದಂಡ. 1910ರ ಆ ಲೆಕ್ಕ ಇವತ್ತಿಗೂ ಸರಿಯಾಗೇ ಇದೆ. ಅದನ್ನ ಎರಡೂ ಬೆಂಚಿಗೆ ಒಂದೇ ಥರ ನಡೆಸೋಕೆ ಮಾತ್ರ ಧೈರ್ಯ ಬೇಕು.

ಮುಂದಿನ ಇಂಟರ್‌ಕ್ಲಾಸ್ ಮ್ಯಾಚ್‌ಗೆ ಸೀಟಿ ನಿಮ್ಮ ಕೈಗೆ ಬಂದರೆ ಏನ್ ಮಾಡ್ತೀರಾ? ಕಾಮೆಂಟ್‌ನಲ್ಲಿ ಹೇಳಿ 👇

#ಬ್ಯಾಸ್ಕೆಟ್‌ಬಾಲ್ #ಆಟದಇತಿಹಾಸ #ಕನ್ನಡ