ಕಡೆಯ ಮುದ್ದೆ

ಹೋದ ತಿಂಗಳು ಒಂದು ರಾತ್ರಿ ನಮ್ಮ ಮನೆಯ ಊಟ ಅರ್ಧಕ್ಕೆ ನಿಂತಿತು. ನಿಲ್ಲಿಸಿದವಳು ನಾಲ್ಕು ವರ್ಷದ ನನ್ನ ಮೊಮ್ಮಗಳು. ಮಗ, ಸೊಸೆ, ನಾನು ಮೇಜಿನ ಸುತ್ತ ಕುಳಿತಿದ್ದೆವು. ಮಗುವಿಗೆ ಕುರ್ಚಿಯ ಮೇಲೆ ಎರಡು ದಿಂಬುಗಳ ಪೀಠ. ನನ್ನ ಹೆಂಡತಿ ಎಂದಿನಂತೆ ಒಲೆಗೂ ಮೇಜಿಗೂ ನಡುವೆ ಓಡಾಡುತ್ತಿದ್ದಳು. ಮಗು ತುತ್ತನ್ನು ತಡೆದು, "ಅಜ್ಜಿಯ ತಟ್ಟೆ ಎಲ್ಲಿ?" ಎಂದು ಕೇಳಿತು. "ನನ್ನದು ಆಮೇಲೆ, ನೀನು ತಿನ್ನು" ಎಂದಳು ಅಜ್ಜಿ. "ಆಮೇಲೆ ಅಂದರೆ ಯಾವಾಗ?" ಎಂದಿತು ಮಗು.

ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಕಾವ್ಯವನ್ನೂ ಶಾಸನಗಳನ್ನೂ ಪಾಠ ಹೇಳಿದವನು ನಾನು. "ಯಾವಾಗ" ಎಂಬುದು ನನ್ನ ವೃತ್ತಿಯ ಪ್ರಶ್ನೆ. ಪಂಪನ ಕಾಲ, ರನ್ನನ ಕಾಲ, ಶಾಸನದ ಲಿಪಿಯ ಕಾಲ, ಇವುಗಳನ್ನು ಕೇಳಿದ್ದರೆ ತಡವರಿಸದೆ ಹೇಳುತ್ತಿದ್ದೆ. ಒಂದೇ ಮನೆಯಲ್ಲಿ ನಲವತ್ತು ವರ್ಷ ಜೊತೆಗೆ ಬಾಳಿದವಳು ರಾತ್ರಿ ಎಷ್ಟು ಹೊತ್ತಿಗೆ ಉಣ್ಣುತ್ತಾಳೆಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ಅಂದಿನ ಮುಜುಗರದಲ್ಲಿ ಇನ್ನೊಂದು ಸಂಗತಿಯೂ ಹೊಳೆಯಿತು. ನನ್ನ ತಾಯಿ ರಾತ್ರಿ ಊಟ ಮಾಡುತ್ತಿದ್ದುದನ್ನು ನಾನು ಕಂಡ ನೆನಪೇ ಇಲ್ಲ. ಮಾಡುತ್ತಿದ್ದಳು, ಅನುಮಾನವಿಲ್ಲ. ಅಷ್ಟರಲ್ಲಿ ನಾನು ನಿದ್ರೆ ಹೋಗಿರುತ್ತಿದ್ದೆ.

ನಾನು ಹುಟ್ಟಿದ್ದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ, 1959ರಲ್ಲಿ. ಶಿವಾರಪಟ್ಟಣವೆಂದ ಕೂಡಲೇ ಕೇಳುಗರಿಗೆ ನೆನಪಾಗುವುದು ಅಲ್ಲಿನ ಶಿಲ್ಪಿಗಳು. ದೂರದೂರದ ದೇವಾಲಯಗಳಿಗೆ ವಿಗ್ರಹಗಳನ್ನು ಕಡೆದುಕೊಟ್ಟ ಮನೆತನಗಳವು. ನಮ್ಮದು ಶಿಲ್ಪಿಗಳ ಮನೆಯಲ್ಲ, ಅವರ ನೆರೆಯ ಒಕ್ಕಲು ಮನೆ. ಹೊತ್ತು ಮುಳುಗುವ ಮುನ್ನ ಉಳಿಯ ಸದ್ದು ಒಂದೊಂದಾಗಿ ನಿಲ್ಲುತ್ತಿತ್ತು. ಬೀದಿಯ ಕೊನೆಯ ಉಳಿ ನಿಂತಿತೆಂದರೆ ನಮ್ಮ ಮನೆಯಲ್ಲಿ ಎಸರು ಇಡುವ ಹೊತ್ತು. ಗೋಡೆ ಗಡಿಯಾರವಿಲ್ಲದ ಮನೆಗೆ ಅದೇ ಗಡಿಯಾರ.

ಊಟದ ವಿಚಾರವಾಗಿ ನಮ್ಮ ಹಳಬರು ಬರೆದಿಲ್ಲವೆಂದಲ್ಲ, ಬೇಕಾದಷ್ಟು ಬರೆದಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಅರಸನ ಭೋಗಗಳನ್ನು ಎಣಿಸಿ ಹೇಳುತ್ತದೆ. ಅದರಲ್ಲಿ ಅನ್ನಭೋಗವೂ ಒಂದು, ಪುತ್ರೋಪಭೋಗವೂ ಒಂದು. ಮಕ್ಕಳ ಸುಖ ಒಂದು ಅಧ್ಯಾಯ, ಅನ್ನದ ಸುಖ ಇನ್ನೊಂದು. ಮಗುವಿಗೆ ಉಣಿಸಿ ಗೊತ್ತಿರುವ ಯಾರೂ ಇವೆರಡನ್ನೂ ಹೀಗೆ ಬೇರೆ ಮಾಡಲಾರರು; ಅರಸರ ಮನೆಯ ಮಾತು ಬೇರೆ. 1508ರ ಸುಮಾರಿಗೆ ಮೂರನೆಯ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ'ವನ್ನೇ ಬರೆದ, ಅದೂ ಷಟ್ಪದಿಯಲ್ಲಿ. ಬದನೆಕಾಯಿಯ ಬಗೆಬಗೆಯ ಪಾಕಗಳು ಅಲ್ಲಿವೆ. ಅಟ್ಟವರು ಯಾವಾಗ ಉಂಡರೆಂದು ಕೇಳಿದರೆ ಕವಿ ಮೌನ.

ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ 'ಎಪಿಗ್ರಾಫಿಯ ಕರ್ನಾಟಿಕ'ದ ಹತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಕೆರೆ ಕಟ್ಟಿಸಿದವರು, ತುರುಗಾಳಗದಲ್ಲಿ ಮಡಿದವರು, ನೈವೇದ್ಯಕ್ಕೆ ಗದ್ದೆ ಬಿಟ್ಟವರು, ಎಲ್ಲರೂ ಅಲ್ಲಿದ್ದಾರೆ. ದೇವರ ನೈವೇದ್ಯಕ್ಕೂ ದೀಪದ ಎಣ್ಣೆಗೂ ಲೆಕ್ಕವಿದೆ. ಕಲ್ಲಿನ ಮೇಲೆ ಅಕ್ಷರ ಕೊರೆಸುವ ಶಕ್ತಿಯಿದ್ದವನು ತನ್ನ ಮನೆಯ ರಾಗಿಯ ಲೆಕ್ಕವನ್ನು ಏಕೆ ಕೊರೆಸಿಯಾನು! 1800ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಬೆಳೆಗಳನ್ನೂ ಬೇಸಾಯದ ಕ್ರಮವನ್ನೂ ಶ್ರದ್ಧೆಯಿಂದ ಬರೆದುಕೊಂಡ. ಅವನು ಹೊಲದ ಬದುವಿನವರೆಗೆ ಬಂದ. ಅಡುಗೆಮನೆಯ ಹೊಸ್ತಿಲ ಒಳಗೆ ಅವನಿಗೆ ಪ್ರವೇಶವಿರಲಿಲ್ಲ. ಹಾಗಾಗಿ ಮೊಮ್ಮಗಳ ಪ್ರಶ್ನೆಗೆ ಉತ್ತರ ಹುಡುಕಲು ನನ್ನ ನೆನಪಿಗಿಂತ ಬೇರೆ ಆಕರವಿಲ್ಲ.

ನಮ್ಮ ಕಡೆ ಮುದ್ದೆಗೆ 'ಹಿಟ್ಟು' ಎಂದೇ ಹೆಸರು. "ಹಿಟ್ಟಾಯಿತೇ?" ಎಂದರೆ ಊಟವಾಯಿತೇ ಎಂದರ್ಥ. ಪಕ್ಕದ ತೆಲುಗು ಮನೆಯಲ್ಲಿ ಅದು ಸಂಗಟಿ. ನಮ್ಮ ಜಿಲ್ಲೆಯ ಮಕ್ಕಳು ಎರಡು ಭಾಷೆಗಳಲ್ಲಿ ಹಸಿಯುತ್ತವೆ. ಒಂದು ಮನೆಯಲ್ಲಿ 'ಮಮ್ಮು', ಗೋಡೆಯಾಚೆ 'ಬುವ್ವ'. ಎರಡೂ ಮನೆಗಳಲ್ಲಿ ತುತ್ತು ಸಿಕ್ಕುತ್ತಿದ್ದುದರಿಂದ ನಾನು ಎರಡನ್ನೂ ಬೇಗ ಕಲಿತೆ.

ರಾತ್ರಿಯ ಊಟಕ್ಕೆ ಒಂದು ಕ್ರಮವಿತ್ತು. ಮೊದಲು ಮಕ್ಕಳು, ಆಮೇಲೆ ತಾತ, ಅಪ್ಪ, ಚಿಕ್ಕಪ್ಪ, ಬಂದಿದ್ದರೆ ನೆಂಟರು. ಅನಂತರ ಅಜ್ಜಿ. ಎಲ್ಲರೂ ಎದ್ದ ಮೇಲೆ ಅಮ್ಮ. ಈ ಸಾಲುಗಳನ್ನು ಮುರಿಯುವ ಅಧಿಕಾರವಿದ್ದದ್ದು ಎಳೆಯ ಮಗುವಿಗೆ ಮಾತ್ರ. ಮಕ್ಕಳ ಪಂಕ್ತಿಯಲ್ಲಿ ಉಂಡದ್ದಾದರೂ ಅದು ತಾತನ ತೊಡೆಯೇರಿ ಇನ್ನೆರಡು ತುತ್ತು ಕಸಿಯಬಹುದು. ಅಜ್ಜಿಯ ತಟ್ಟೆಗೂ ಕೈ ಹಾಕಬಹುದು. ಅಮ್ಮನ ಸರದಿ ಬರುವ ಹೊತ್ತಿಗೆ ಅದಕ್ಕೆ ನಿದ್ರೆ.

ಮುದ್ದೆ ತಿರುವುವುದು ತೋಳ್ಬಲದ ಕೆಲಸ. ಕುದಿಯುವ ಎಸರಿಗೆ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ನಡುವೆ ಕೋಲು ನೆಟ್ಟು, ಬೇಯಲು ಬಿಡಬೇಕು. ಆಮೇಲೆ ಗಡಿಗೆಯನ್ನು ಇಳಿಸಿ, ಅಲುಗದಂತೆ ಅದುಮಿ ಹಿಡಿದು, ಗಂಟಿಲ್ಲದಂತೆ ತಿರುವಬೇಕು. ಹಲಗೆಯ ಮೇಲೆ ಒದ್ದೆಗೈಯಿಂದ ಉಂಡೆ ಕಟ್ಟುವಾಗ ಅಮ್ಮನ ಅಂಗೈ ಕೆಂಪಗಾಗುತ್ತಿತ್ತು. ಅಪ್ಪನದು ದೊಡ್ಡ ಉಂಡೆ, ತಾತನದು ಮೆತ್ತನೆಯದು, ನನ್ನದು ನಿಂಬೆಹಣ್ಣಿನಷ್ಟು. ಕಡೆಯ ಮುದ್ದೆ ಅವಳದು. ಅದಕ್ಕೆ ಗೊತ್ತಾದ ಗಾತ್ರವಿಲ್ಲ. ಗಡಿಗೆಯಲ್ಲಿ ಉಳಿದದ್ದು ಎಷ್ಟೋ ಅಷ್ಟು. ಕೆಲವು ದಿನ ತಳಕ್ಕೆ ಸೀದು ಹತ್ತಿದ ಚಕ್ಕೆಯೇ ಹೆಚ್ಚು.

ಮಗುವಿಗೆ ಹಿಟ್ಟು ಉಣ್ಣಲು ಕಲಿಸುವುದೂ ಒಂದು ವಿದ್ಯೆ. ಅಗಿಯಬಾರದು, ನುಂಗಬೇಕು. ಆರು ತಿಂಗಳ ಆಸುಪಾಸಿನಲ್ಲಿ ರಾಗಿಯ ಸರಿ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳುವಾದ ಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟಿನದು. ಮೊಳಕೆ ಬಂದ ರಾಗಿಯ ಗಂಜಿ ಗಟ್ಟಿಯಾಗದೆ ನೀರಾಗಿ ನಿಲ್ಲುತ್ತದೆ. ಹೀಗಾಗಿ ಪುಟ್ಟ ಹೊಟ್ಟೆಗೆ ಹೆಚ್ಚು ಕಾಳಿನ ಸತ್ವ ಹಿಡಿಸುತ್ತದೆ ಎಂದು ಆಹಾರ ವಿಜ್ಞಾನಿಗಳು ಹೇಳುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದೆಯೆಂದೂ ಲೆಕ್ಕ ಕೊಡುತ್ತಾರೆ. ನಮ್ಮಜ್ಜಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಮೊಳಕೆ ಕಟ್ಟುವುದು ಗೊತ್ತಿತ್ತು. ಸರಿಯಾದ ಮೇಲೆ ಹಾಲಿನಲ್ಲೋ ಸಾರಿನಲ್ಲೋ ಕಿವುಚಿದ ಹಿಟ್ಟು. ಆಮೇಲೆ ಒಂದು ದಿನ ಮಗು ಬಸ್ಸಾರಿನಲ್ಲಿ ಅದ್ದಿದ ತುತ್ತನ್ನು ತಾನೇ ನುಂಗುತ್ತದೆ. ಯಾವ ಶಾಸ್ತ್ರದಲ್ಲೂ ಹೇಳದ ಆ ಸಂಸ್ಕಾರವನ್ನು ಮನೆಮಂದಿಯೆಲ್ಲ ಕೈ ತಡೆದು ನೋಡುತ್ತಿದ್ದರು.

ಅವರೆಕಾಯಿಯ ಕಾಲ ಬಂದರೆ ಮಗುವಿಗೂ ಉದ್ಯೋಗ. ನೆನೆದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮುತ್ತದೆ. ಪಾತ್ರೆಯೊಳಗೆ ಬಿದ್ದದ್ದು ಹುಳಿಗೆ, ಆಚೆ ಹಾರಿದ್ದು ಮಗುವಿಗೆ ಆಟಕ್ಕೆ. ಮಾಗಿಯ ಚಳಿಯಲ್ಲಿ ಅಜ್ಜಿ, ಅಮ್ಮ, ಅತ್ತೆ, ಮಕ್ಕಳು ಒಲೆಯ ಸುತ್ತ ಕುಳಿತು ಹಿತಕುತ್ತಿದ್ದ ಆ ಸಂಜೆಗಳಲ್ಲಿ ಅಮ್ಮ ಕುಳಿತದ್ದನ್ನು ಕಂಡಿದ್ದೇನೆ. ಕೈಗೆ ಕೆಲಸವಿದ್ದರೆ ಕುಳಿತುಕೊಳ್ಳಬಹುದು ಎಂಬುದು ಆ ಮನೆಯ ಬರೆಯದ ನಿಯಮವಿರಬೇಕು.

ಬೀಸುವ ಕಲ್ಲಿನ ಮಾತೂ ಹೇಳಬೇಕು. ನಮ್ಮೂರಿನ ಕಲ್ಲುಗಳ ಕೀರ್ತಿಯೆಲ್ಲ ಗರ್ಭಗುಡಿಗೆ ಹೋದವುಗಳದು. ಮಕ್ಕಳ ಹೊಟ್ಟೆ ತುಂಬಿಸಿದ ಕಲ್ಲು ಬೇರೆ. ಅದನ್ನು ಕಡೆದ ಕೈಗಳೂ ಬೇರೆ. ಸವೆದ ಬೀಸುಗಲ್ಲಿಗೆ ಉಳಿ ಹೊಡೆಯಲು ವರ್ಷಕ್ಕೊಮ್ಮೆ ಬರುತ್ತಿದ್ದವನಿಗೆ ಕೂಲಿಯೆಂದು ಒಂದು ಮೊರ ರಾಗಿ ಕೊಡುತ್ತಿದ್ದರು. ಅವನ ಹೆಸರನ್ನು ಯಾವ ಪೀಠದ ಮೇಲೂ ಬರೆದಿಲ್ಲ.

ಅಮ್ಮನ ಈ ಕಡೆಯ ಮುದ್ದೆಗೆ ಒಂದು ಚರಿತ್ರೆಯಿದೆಯೆಂದು ನನಗೆ ಅನ್ನಿಸಿದ್ದು ಅಜ್ಜಿಯ ಒಂದು ಅಭ್ಯಾಸವನ್ನು ನೆನೆದಾಗ. ಆಕೆ ದಿನವೂ ಮಲಗುವ ಮುನ್ನ ಹಿಟ್ಟಿನ ಮಡಕೆಯ ಮುಚ್ಚಳ ತೆಗೆದು ನೋಡುತ್ತಿದ್ದಳು. ಹೊಸದಾಗಿ ಬೀಸಿದ ಹಿಟ್ಟಿನಿಂದ ಒಂದು ಹಿಡಿಯನ್ನು ಬೇರೆ ಕುಡಿಕೆಗೆ ಹಾಕುತ್ತಿದ್ದಳು. ಯಾಕೆಂದು ಕೇಳಿದರೆ, "ನಮ್ಮಮ್ಮ ಹಾಕುತ್ತಿದ್ದಳು" ಎನ್ನುವಳು. ಆ ಅಮ್ಮ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮಗುವಾಗಿದ್ದವಳು. ಅಂದರೆ 1876ರಿಂದ 78ರವರೆಗಿನ ಮಹಾಕ್ಷಾಮ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷಕ್ಕೂ ಮೇಲೆ. 1881ರಲ್ಲಿ ಸುಮಾರು ನಲವತ್ತೆರಡು ಲಕ್ಷ. ಪರಿಹಾರದ ಕೆಲಸಗಳಿಗೆ ಬಂದ ಕೂಲಿಗಾರನಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಅಲ್ಪಸ್ವಲ್ಪ ಕಾಸು ಸಾಕೆಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಮದರಾಸಿನಲ್ಲಿ ವಿಧಿಸಿದ. ಸಾಲದೆಂದು ಅಲ್ಲಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ವಾದಿಸಿದ. ಒಂದು ಪೌಂಡೆಂದರೆ ಇಂದಿನ ಅರ್ಧ ಕಿಲೋಗೂ ಕಡಮೆ. ಅಂಥ ಕಾಲದಲ್ಲಿ ಮಡಕೆಯ ಬಳಿ ನಿಂತವಳು ಎಲ್ಲರಿಗೂ ಹಂಚಿ ಕಡೆಗೆ ಉಣ್ಣಬೇಕು, ಉಳಿಯದಿದ್ದರೆ ಇಲ್ಲ. ಗಂಡಸರ ದರ್ಪವೂ ಪಂಕ್ತಿಯ ಕಟ್ಟಳೆಯೂ ಈ ಕ್ರಮವನ್ನು ಮಾಡಿದವು, ನಿಜ. ಬರವೂ ಅದನ್ನು ಗಟ್ಟಿಮಾಡಿತೆಂದು ನನ್ನ ಊಹೆ. ಬರ ಹೋದ ಮೇಲೂ ಕ್ರಮ ಉಳಿಯಿತು.

ಹಗೇವುಗಳಿದ್ದದ್ದೂ ಇಂಥ ವರ್ಷಗಳಿಗಾಗಿಯೇ. ನೆಲದೊಳಗಿನ ಆ ಕಣಜಗಳಲ್ಲಿ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತಿತ್ತು. ಬಾಯಿ ತೆರೆದಾಗ ಮೊದಲು ದೀಪ ಇಳಿಬಿಟ್ಟು, ಅದು ಉರಿದರೆ ಮಾತ್ರ ಮನುಷ್ಯ ಇಳಿಯುವುದು. ಕನಕದಾಸರ 'ರಾಮಧಾನ್ಯಚರಿತೆ'ಯಲ್ಲಿ ರಾಗಿಯೂ ಅಕ್ಕಿಯೂ ಆರು ತಿಂಗಳು ಸೆರೆಯಲ್ಲಿದ್ದು, ರಾಗಿ ಮಾತ್ರ ಕೆಡದೆ ಹೊರಬರುವುದನ್ನು ಬಲ್ಲಿರಿ. ವಿದ್ವಾಂಸರು ಅದರಲ್ಲಿ ಸಮಾಜವನ್ನು ಕಾಣುತ್ತಾರೆ, ಕಾಣಬೇಕಾದದ್ದೇ. ಕೋಲಾರದವನಾದ ನನಗೆ ಅಲ್ಲಿ ಹಗೇವಿನ ವಾಸನೆಯೂ ಬರುತ್ತದೆ.

ನನ್ನ ಕಣ್ಣಾರೆ ಕಂಡ ಕೊರತೆ 1965ರದು. ಮಳೆ ಹೋಗಿತ್ತು, ಯುದ್ಧವೂ ಬಂದಿತ್ತು. ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಗಳು ಸೋಮವಾರದ ರಾತ್ರಿಯ ಊಟವನ್ನು ಬಿಡಿರೆಂದು ದೇಶಕ್ಕೆ ಕೇಳಿಕೊಂಡರು. ಅಪ್ಪ ಅದನ್ನು ವ್ರತವಾಗಿ ಹಿಡಿದರು. ನನಗಾಗ ಆರು ವರ್ಷ. ಮಕ್ಕಳಿಗೆ ವಿನಾಯಿತಿ, ಮಧ್ಯಾಹ್ನದ ಹಿಟ್ಟನ್ನೇ ಮಜ್ಜಿಗೆಯಲ್ಲಿ ಕಲಸಿ ಕೊಡುತ್ತಿದ್ದರು. ಆ ಸೋಮವಾರಗಳಂದು ಒಲೆ ಹಚ್ಚುವಂತಿಲ್ಲ, ಬಡಿಸುವಂತಿಲ್ಲ. ಅಮ್ಮ ಬಟ್ಟಲು ಹಿಡಿದು ಹೊರಗೆ ಜಗಲಿಗೆ ಬಂದು, ಅಪ್ಪನಿಂದ ಎರಡು ಮೊಳ ದೂರದಲ್ಲಿ ಕುಳಿತು ನನಗೆ ಉಣಿಸುತ್ತಿದ್ದಳು. ಇಬ್ಬರೂ ಕೆರೆಯ ಮಾತೋ ದನದ ಮಾತೋ ಆಡುತ್ತಿದ್ದರು. ಚಂದ್ರನನ್ನು ತೋರಿಸುವ ವಯಸ್ಸು ನನಗೆ ಮೀರಿತ್ತು, ಆದರೂ ತೋರಿಸುತ್ತಿದ್ದಳು. ರಾತ್ರಿಯ ಹೊತ್ತು ಅವಳು ಅಪ್ಪನ ಜೊತೆ ಕುಳಿತದ್ದು ನನಗೆ ನೆನಪಿರುವುದು ಆ ಉಪವಾಸದ ಸೋಮವಾರಗಳಿಂದ ಮಾತ್ರ. ನನಗೆ ಅವು ಹಬ್ಬದಂತಿದ್ದವು. ಅವಳಿಗೆ ಹಸಿವಾಗಿತ್ತೇ ಎಂದು ಕೇಳಬೇಕೆಂದು ಆಗ ತೋರಲಿಲ್ಲ, ತೋರಿದಾಗ ಅವಳಿರಲಿಲ್ಲ.

ಮುಂದಿನದು ಬೇಗ ಹೇಳಿಬಿಡಬಹುದು. ಹಿಟ್ಟಿನ ಗಿರಣಿ ಬಂದು ಬೀಸುಗಲ್ಲು ಹಿತ್ತಿಲು ಸೇರಿತು. ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿ 'ಇಂಡಾಫ್' ತಳಿಗಳನ್ನು ತಂದಮೇಲೆ ಹೊಲದ ಇಳುವರಿ ಏರಿತು. ಅಮ್ಮನ ಕಡೆಗಾಲದಲ್ಲಿ ಗಡಿಗೆಯ ತುಂಬ ಹಿಟ್ಟಿರುತ್ತಿತ್ತು. ಆದರೂ ಅವಳು ಕಡೆಗೇ ಉಣ್ಣುತ್ತಿದ್ದಳು.

ಮೊಮ್ಮಗಳ ಪ್ರಶ್ನೆಯ ಮರುವಾರ ಊರಿಗೆ ಹೋಗಿದ್ದೆ. ಉಳಿಗಳ ಜೊತೆ ಈಗ ವಿದ್ಯುತ್ ಯಂತ್ರಗಳ ಸದ್ದೂ ಇದೆ. ಒಂದು ಶೆಡ್ಡಿನಲ್ಲಿ ಅರೆಮುಗಿದ ಅನ್ನಪೂರ್ಣೆ ನಿಂತಿದ್ದಳು. ಒಂದು ಕೈಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಸೌಟು. ಪಕ್ಕದಲ್ಲೇ ಬೆಣ್ಣೆಯುಂಡೆ ಹಿಡಿದು ಅಂಬೆಗಾಲಿಡುವ ಕೃಷ್ಣ. ಉಣ್ಣುವ ಮಗುವಿನ ವಿಗ್ರಹವುಂಟು, ಬಡಿಸುವ ತಾಯಿಯ ವಿಗ್ರಹವುಂಟು. "ಅನ್ನಪೂರ್ಣೆ ಊಟಕ್ಕೆ ಕುಳಿತ ಹಾಗೆ ಎಂದಾದರೂ ಮಾಡಿದ್ದೀರಾ?" ಎಂದು ಶಿಲ್ಪಿಯನ್ನು ಕೇಳಿದೆ. ಅವರು ನಕ್ಕು, "ಅಂಥದಕ್ಕೆ ನಾವು ಅಳತೆ ಕಲಿತಿಲ್ಲ ಸ್ವಾಮಿ" ಎಂದರು.

ಊರಿಂದ ಹಿಂದಿರುಗಿದ ರಾತ್ರಿ ಮೊಮ್ಮಗಳು ಅಜ್ಜಿಯ ತಟ್ಟೆಯನ್ನು ತಾನೇ ತಂದು ತನ್ನ ಪಕ್ಕದಲ್ಲಿಟ್ಟಳು. ಹೆಂಡತಿ ಸಂಕೋಚದಿಂದ ಕುಳಿತಳು. ಬಡಿಸುವ ಕೆಲಸವನ್ನು ನಾನು ವಹಿಸಿಕೊಂಡೆ. ಮುದ್ದೆಯ ಪಾತ್ರೆಯನ್ನು ಮುಂದಿಟ್ಟುಕೊಂಡು, ಕೈ ಒದ್ದೆ ಮಾಡಿಕೊಂಡು, ಎಷ್ಟು ದೊಡ್ಡ ಉಂಡೆ ಕಟ್ಟಬೇಕೆಂದು ತಿಳಿಯದೆ ಅವಳ ಮುಖ ನೋಡಿದೆ. ಅವಳು ಹೇಳುವ ಮೊದಲೇ ಮಗು ಎರಡು ಕೈಗಳನ್ನೂ ಬೊಗಸೆ ಮಾಡಿ, "ಇಷ್ಟು" ಎಂದು ತೋರಿಸಿತು.